ಬಾಗಿಲು ಇಟ್ಟ ಸಂತೆ

ಮಾಳಗೊಂಡಿಯ ಸಂತೆಗೆ ಬಾಗಿಲು ಇರಲಿಲ್ಲ. ಚನ್ನಗಿರಿ ತಾಲ್ಲೂಕಿನ ಅಂಚಿನ ಆ ಊರಿನಲ್ಲಿ ಗುರುವಾರ ಬೆಳಿಗ್ಗೆ ಒಂದು ಬಯಲು ಸಂತೆಯಾಗುತ್ತಿತ್ತು, ಸಂಜೆ ಮತ್ತೆ ಬಯಲಾಗುತ್ತಿತ್ತು. ಯಾರು ಎಲ್ಲಿಂದ ಒಳಗೆ ಬಂದರು ಎಂದು ಕೇಳುವಂತಿರಲಿಲ್ಲ, ಒಳಗು ಎಂಬುದೇ ಇರಲಿಲ್ಲ. ಅಡಿಕೆ ಸಾಹುಕಾರರು ಬರುತ್ತಿದ್ದರು, ಅವರ ಕೂಲಿಯವರು ಬರುತ್ತಿದ್ದರು, ದನ ಬರುತ್ತಿದ್ದವು. ಮಾದಿಗರ ಕೇರಿಯವರು ಉತ್ತರದ ತುದಿಯಲ್ಲಿ ಒಂದು ಸಾಲು ಹಿಡಿದು ಕೂರುತ್ತಿದ್ದರು. ಕೊಳ್ಳುವವನು ದುಡ್ಡನ್ನು ನೆಲಕ್ಕೆ ಎಸೆಯುತ್ತಿದ್ದ, ಅವರು ಆಯ್ದುಕೊಳ್ಳುತ್ತಿದ್ದರು. ಊರಿನ ಹಿರಿಯರು ಇದನ್ನು ಹೊಂದಾಣಿಕೆ ಎಂದು ಕರೆಯುತ್ತಿದ್ದರು.

ಆ ಸಾಲಿನಲ್ಲಿ ಅಂತರಘಟ್ಟಮ್ಮ ಮೆಟ್ಟು ಮಾರುತ್ತಿದ್ದಳು. ಹೊಲಿಯುವವನು ಗಂಡ ಚಿಕ್ಕಹನುಮಂತಪ್ಪ. ಅಳತೆ ತೆಗೆಯುವವಳು ಇವಳು. ಗಿರಾಕಿಯ ಕಾಲು ಮುಟ್ಟುವಂತಿರಲಿಲ್ಲ. ಅವನು ಧೂಳಿನಲ್ಲಿ ಒಂದು ಹೆಜ್ಜೆ ಊರಿ ಪಕ್ಕಕ್ಕೆ ನಿಲ್ಲುತ್ತಿದ್ದ. ಇವಳು ಕಡ್ಡಿ ಹಿಡಿದು ಆ ಹೆಜ್ಜೆಯ ಗುರುತನ್ನು ಅಳೆಯುತ್ತಿದ್ದಳು. ಮೂವತ್ತು ವರ್ಷ ಹೀಗೆ ಅಳೆದು ಊರಿನ ಅರ್ಧ ಕಾಲುಗಳು ಅವಳಿಗೆ ಬಾಯಿಪಾಠವಾಗಿದ್ದವು. ಚೇರ್ಮನ್ ಮಹೇಶ್ವರಪ್ಪನವರ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ದೊಡ್ಡದು ಎಂಬುದು ಅವರ ಹೆಂಡತಿಗೂ ಗೊತ್ತಿರಲಿಲ್ಲ, ಇವಳಿಗೆ ಗೊತ್ತಿತ್ತು. ಊರಿಗೆ ಮಾತ್ರ ಇವಳ ಹೆಸರು ಉದ್ದವಾಗಿ ಕಂಡಿತ್ತು. "ಏ ಇವಳೇ" ಎಂದರೆ ಸಾಕಾಗುತ್ತಿತ್ತು.

೧೯೭೯ರ ಒಂದು ಗುರುವಾರ ನಡುಸಂತೆಯಲ್ಲಿ ದೊಡ್ಡ ಮಳೆ ಹೊಡೆಯಿತು. ಒಣಮೆಣಸಿನಕಾಯಿ ತೇಲಿಕೊಂಡು ಹೋಯಿತು. ಊರೆಲ್ಲ ಓಡಿ ಮರುಳಪ್ಪನ ಬಟ್ಟೆ ಅಂಗಡಿಯ ಜಗಲಿ ಹತ್ತಿತು. ಕೇರಿಯವರು ಮಳೆಯಲ್ಲೇ ನಿಂತರು. ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೆನೆದ ಚರ್ಮ ಎರಡೇ ದಿನಕ್ಕೆ ನಾರತೊಡಗಿತು. ಅಂತರಘಟ್ಟಮ್ಮ ಹದಿನಾಲ್ಕು ಜೊತೆ ಮೆಟ್ಟು ತಿಪ್ಪೆಗೆ ಹಾಕಿದಳು. ಮೆಣಸಿನಕಾಯಿ ಕಳೆದುಕೊಂಡ ಸಾಹುಕಾರರು ಪಂಚಾಯ್ತಿಗೆ ಅರ್ಜಿ ಹಾಕಿದರು: ಸಂತೆಗೆ ಸೂರು ಬೇಕು.

ಸೂರಿನ ನಕ್ಷೆ ಬರೆಯಲು ಬಂದವನು ಇಂಜಿನಿಯರ್ ನಾಗರಾಜಪ್ಪ. ಒಳ್ಳೆಯವನು. ಈ ಕಥೆಯಲ್ಲಿ ಆದ ಹಾನಿಯ ದೊಡ್ಡ ಪಾಲು ಅವನ ಒಳ್ಳೆಯತನದಿಂದಲೇ ಆದದ್ದು. ಅವನ ಹತ್ತಿರ ಬಣ್ಣದ ಚಿತ್ರಗಳಿದ್ದ ಒಂದು ಇಂಗ್ಲಿಷ್ ಪತ್ರಿಕೆ ಇತ್ತು. ಅದನ್ನು ಪಂಚಾಯ್ತಿ ಕಚೇರಿಯ ಮೇಜಿನ ಮೇಲೆ ಬಿಡಿಸಿದ.

"ನೋಡ್ರಿ ಸಾರ್, ಇದು ಅಮೆರಿಕದಾಗೆ. ಹಿಮ ಬೀಳೋ ಊರು. ಬೀದೀಲಿ ನಿಂತು ವ್ಯಾಪಾರ ಮಾಡಾಕೆ ಆಗಲ್ಲ. ಅದಕ್ಕೆ ಇಡೀ ಪೇಟೆಗೇ ಸೂರು ಹಾಕಿ ಸುತ್ತ ಗೋಡೆ ಎಬ್ಬಿಸಿಬಿಟ್ರು."

"ಹಿಮ ನಮ್ಮಲ್ಲಿ ಎಲ್ಲೈತ್ರಿ?" ಎಂದರು ಮಹೇಶ್ವರಪ್ಪ.

"ಮಳೆ ಐತಲ್ಲ ಸಾರ್."

"ನಡುವೆ ಇದೇನ್ರೀ, ಖಾಲಿ ಬಿಟ್ಟಾರಲ್ಲ?"

"ಅಂಗಳ ಸಾರ್. ಇದನ್ನ ಮೊದಲು ಯೋಚಿಸಿದ ಮನುಷ್ಯನಿಗೆ ಅಂಗಡಿಗಿಂತ ಅಂಗಳಾನೇ ಮುಖ್ಯ. ಜನ ಬರಬೇಕು, ಕೂರಬೇಕು, ಒಬ್ಬರ ಮುಖ ಒಬ್ಬರು ನೋಡಬೇಕು. ಬಡವ ಬಲ್ಲಿದ ಎಲ್ಲಾರೂ ಒಂದೇ ಸೂರಿನ ಕೆಳಗೆ. ಸುತ್ತ ಬೆಂಚು ಹಾಕಣ."

"ಬೆಂಚು ಬ್ಯಾಡ. ಬೆಂಚು ಹಾಕಿದ್ರೆ ಕೂರ್ತಾರೆ."

ಪಕ್ಕದಲ್ಲಿ ಕೂತಿದ್ದ ಬಟ್ಟೆ ಅಂಗಡಿಯ ಮರುಳಪ್ಪ ಪತ್ರಿಕೆಯನ್ನು ತಿರುಗಿಸಿ ನೋಡಿದ. "ಅಲ್ಲಿ ಜನ ಈಗ ಕೂರ್ತಾರೇನ್ರೀ ಇಂಜಿನಿಯರ್ರೇ?"

ನಾಗರಾಜಪ್ಪ ಸತ್ಯವಂತ. "ಇಲ್ಲ. ಕೊಂಡ್ಕಂಡು ಹೋಗ್ತಾರಂತೆ. ಹಳೇ ಪೇಟೆ ಬೀದಿಗಳು ಹಾಳು ಬಿದ್ವಂತೆ. ಕಟ್ಟಿದವನೇ ಈಗ ಬೇಜಾರು ಮಾಡ್ಕಂಡು ಬೈತಾನಂತೆ."

"ಹಳೇ ಬೀದಿ ಹಾಳು ಬೀಳ್ತಾವೆ ಅಂದ್ರಾ?" ಎಂದ ಮರುಳಪ್ಪ. ಅವನಿಗೆ ಆ ಕ್ಷಣವೇ ಯೋಜನೆ ಪೂರ್ತಿ ಅರ್ಥವಾಯಿತು. ಇಂಜಿನಿಯರನಿಗೆ ಆಗಿರಲಿಲ್ಲ.

ನಕ್ಷೆಯಲ್ಲಿ ನಾಲ್ಕು ಬಾಗಿಲಿದ್ದವು. ಕಟ್ಟುವ ಹೊತ್ತಿಗೆ ಮೂರು ಬಾಗಿಲುಗಳ ಜಾಗದಲ್ಲಿ ಮೂರು ಮಳಿಗೆ ಎದ್ದವು, ಅದರಲ್ಲಿ ಒಂದು ಮರುಳಪ್ಪನದು. ನಾಲ್ಕು ಕಡೆಯಿಂದ ಜನ ನುಗ್ಗಿದರೆ ಕಾಯುವವರು ಯಾರು ಎಂದು ಚೇರ್ಮನ್ ಕೇಳಿದರು. ಶೌಚದ ಕೋಣೆ ಉಗ್ರಾಣವಾಯಿತು. ಅಂಗಳ ಮಾತ್ರ ಉಳಿಯಿತು. ಅದರ ನಡುವೆ ಸಿಮೆಂಟಿನ ಒಂದು ಉದ್ದ ಕಟ್ಟೆ. ಅಂಗಡಿ ಹಿಡಿಯಲು ಆಗದ ಸಂತೆಯವರಿಗೆ ಅದು ಎಂದು ನಾಗರಾಜಪ್ಪ ನಕ್ಷೆಯಲ್ಲಿ ಬರೆದಿದ್ದ. ಉಳಿದ ಒಂದೇ ಬಾಗಿಲಿಗೆ ಕಬ್ಬಿಣದ ಎಳೆಗೇಟು, ಗೇಟಿನ ಕೆಳಗೆ ಒಂದಡಿ ಎತ್ತರದ ಕಲ್ಲು. ದನ ನುಗ್ಗಬಾರದು, ಮಳೆನೀರು ಹರಿದು ಒಳಗೆ ಬರಬಾರದು ಎಂದು ಆ ಕಲ್ಲು.

ಕಟ್ಟಿದವರು ಕೇರಿಯವರು. ಎರಡು ವರ್ಷ. ಹೆಂಗಸರು ಬಾಂಡ್ಲಿ ಹೊತ್ತರು. ತಲೆಯ ಮೇಲೆ ಬಟ್ಟೆಯ ಸಿಂಬೆ, ಸಿಂಬೆಯ ಮೇಲೆ ಕಲಸಿದ ಕಾಂಕ್ರೀಟು. ನೀರು ಸೋರಿ ಕಿವಿಗೆ ಇಳಿಯುತ್ತಿತ್ತು, ಕುತ್ತಿಗೆಗೆ ಇಳಿಯುತ್ತಿತ್ತು. ಚರ್ಮ ಸುಟ್ಟು ಬಿಳಿಚಿಕೊಳ್ಳುತ್ತಿತ್ತು. ಸಂಜೆ ತಲೆ ಮುಟ್ಟಿದರೆ ಕೂದಲು ಕೈಗೆ ಬರುತ್ತಿತ್ತು. ಮಾಳಿಗೆಗೆ ಮೋಲ್ಡು ಹಾಕಿದ ದಿನ ಬೆಳಿಗ್ಗೆ ಆರರಿಂದ ನಿಲ್ಲುವಂತಿರಲಿಲ್ಲ. ನಿಂತರೆ ಕಾಂಕ್ರೀಟು ಬಿಗಿಯುತ್ತದೆ. ಅಂತರಘಟ್ಟಮ್ಮ ಬಿದಿರಿನ ಸಾರವೆಯ ಮೇಲೆ ಎಷ್ಟು ಸಲ ಹತ್ತಿ ಇಳಿದಳೋ. ಮಧ್ಯಾಹ್ನದ ಹೊತ್ತಿಗೆ ಅವಳ ಕಾಲ್ಬೆರಳ ಸಂದಿಗಳು ಸಿಮೆಂಟು ತಿಂದು ಬಿರಿದಿದ್ದವು. ಊರಿಗೆಲ್ಲ ಮೆಟ್ಟು ಮಾಡಿಕೊಟ್ಟವಳು ಬರಿಗಾಲಲ್ಲಿದ್ದಳು. ಸಾರವೆಯ ಮೇಲೆ ಮೆಟ್ಟು ಜಾರುತ್ತದೆ.

ಜೊತೆಯ ಚೌಡಕ್ಕ ಕೇಳಿದಳು: "ಅಕ್ಕಾ, ಇದರಾಗೆ ನಮಗೆ ಜಾಗ ಕೊಡ್ತಾರಂತಾ?"

"ಇಂಜಿನಿಯರ್ರು ಕಟ್ಟೆ ತೋರಿಸ್ಯಾರೆ. ಮೂಡಲ ಕಡೆ ತುದಿ ನಂದು."

"ಬರ್ದು ಕೊಟ್ಟಾರಾ?"

"ಕಟ್ಟೆಗೆ ಕಾಂಕ್ರೀಟು ಹಾಕಿದ್ದು ನಾನೇ ಅಲ್ವೇನೇ. ಬರ್ದು ಏನು ಕೊಡಾದು."

ಮಳೆಯಲ್ಲಿ ಚರ್ಮ ನೆನೆಯಬಾರದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಸೂರಿನ ಕೆಳಗೆ ಮೂರಡಿ ಜಾಗ. ಗುರುವಾರ ಗುರುವಾರ.

ಮೂರು ಬಾಗಿಲು ಮುಚ್ಚಿದ್ದನ್ನು ವಿರೋಧಿಸಿ ನಾಗರಾಜಪ್ಪ ಮೇಲಿನವರಿಗೆ ಒಂದು ಪತ್ರ ಬರೆದ. ಹದಿನೈದು ದಿನದಲ್ಲಿ ಅವನಿಗೆ ಜಗಳೂರಿಗೆ ವರ್ಗವಾಯಿತು. ಹೋಗುವಾಗ ಪತ್ರಿಕೆಯನ್ನು ಮರೆತು ಬಿಟ್ಟುಹೋದ. ಪಂಚಾಯ್ತಿ ಜವಾನ ಅದರ ಹಾಳೆಗಳಲ್ಲಿ ಮಂಡಕ್ಕಿ ಕಟ್ಟಿದ.

೧೯೮೧ರ ಕಾರ್ತೀಕದ ಒಂದು ಗುರುವಾರ ಸಂತೆ ಕಟ್ಟಡ ಉದ್ಘಾಟನೆಯಾಯಿತು. ಹಿಂದಿನ ದಿನವೇ ಬಯಲಿಗೆ ಮುಳ್ಳುತಂತಿ ಎಳೆದರು. ಇನ್ನು ಮೇಲೆ ಬಯಲಿನಲ್ಲಿ ಕೂತು ಮಾರಿದರೆ ದಂಡ ಎಂದು ಡಂಗುರ ಹೊಡೆಸಿದರು. ಡಂಗುರ ಹೊಡೆದವನೂ ಕೇರಿಯವನೇ.

ಬೆಳಿಗ್ಗೆ ಚೇರ್ಮನ್‌ರ ಹೆಂಡತಿ ಸರ್ವಮಂಗಳಮ್ಮ ನಾಲ್ಕು ಮಂದಿ ಮುತ್ತೈದೆಯರ ಜೊತೆ ಬಂದರು. ಎಲ್ಲಿ ಪೂಜೆ ಮಾಡಬೇಕು ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ಕಟ್ಟಡದಲ್ಲಿ ದೇವರಿಲ್ಲ, ಒಲೆಯಿಲ್ಲ. ಕೊನೆಗೆ ಗೇಟಿನ ಕೆಳಗಿನ ಕಲ್ಲು ಕಣ್ಣಿಗೆ ಬಿತ್ತು. ತೊಳೆದರು. ಅರಿಶಿನ ಬಳಿದರು, ಕುಂಕುಮ ಇಟ್ಟರು, ರಂಗೋಲಿ ಬರೆದರು, ಕಾಯಿ ಒಡೆದರು. ದನಕ್ಕೆಂದು ಹಾಕಿದ ಕಲ್ಲು ಹತ್ತು ನಿಮಿಷದಲ್ಲಿ ಹೊಸ್ತಿಲಾಯಿತು.

ಹೊಸ್ತಿಲಾದ ಮೇಲೆ ಉಳಿದದ್ದು ತಾನಾಗಿಯೇ ಆಯಿತು. ಮೊದಲು ಬಂದ ಮುದುಕರೊಬ್ಬರು ಅರಿಶಿನ ನೋಡಿ ಮೆಟ್ಟು ಕಳಚಿದರು. ಹಿಂದೆ ಬಂದವರು ಮುದುಕರನ್ನು ನೋಡಿ ಕಳಚಿದರು. ಟೇಪು ಕತ್ತರಿಸಲು ಬಂದಿದ್ದ ರಾಜಕಾರಣಿಯೂ ಬೂಟು ಬಿಚ್ಚಿ, ಕಾಲುಚೀಲದಲ್ಲಿ ನಡೆದು, ಪ್ರಗತಿಯ ಬಗ್ಗೆ ಮಾತಾಡಿ, ಉಪ್ಪಿಟ್ಟು ತಿಂದು ಹೋದರು. ಸೀಗೆಪುಡಿ, ಸೀಮೆಎಣ್ಣೆ, ಬನಿಯನ್ನು ಕೊಳ್ಳಲು ಜನ ಬರಿಗಾಲಲ್ಲಿ ಭಕ್ತಿಯಿಂದ ಒಳಗೆ ಹೋದರು. ಹಿಮದ ಊರಿನ ಮನುಷ್ಯ ಇದನ್ನು ಊಹಿಸಿರಲಾರ.

ಹನ್ನೊಂದು ಗಂಟೆಗೆ ಅಂತರಘಟ್ಟಮ್ಮ ಬುಟ್ಟಿ ಹೊತ್ತು ಬಂದಳು. ಇಪ್ಪತ್ತು ಜೊತೆ ಮೆಟ್ಟು. ಹಿಂದೆ ಚೌಡಕ್ಕ, ಹುಣಸೆಹಣ್ಣಿನ ಮೂಟೆಯ ಜೊತೆ. ಗೇಟಿನಲ್ಲಿ ಮರುಳಪ್ಪ ನಿಂತಿದ್ದ.

"ಎಲ್ಲಿಗೆ?"

"ಒಳಗೆ, ಸಾವ್ಕಾರ್ರೇ. ನಮ್ಮ ಕಟ್ಟೆಗೆ."

"ಒಳಗೆ ಬರಂಗಿಲ್ಲ."

"ನಿನ್ನೆವರೆಗೂ ಬಂದೀವಲ್ರೀ. ನೆಲ ಸಾರಿಸಿದ್ದು ನಾವೇ."

"ನಿನ್ನೆ ಕಟ್ತಿದ್ರಿ. ಇವತ್ತು ಕಟ್ಟಿ ಆತು. ಹೊಸ್ತಿಲು ಪೂಜೆ ಆಗೈತೆ, ಕಣ್ಣು ಕಾಣಲ್ವಾ?"

"ಸಂತೆಗೆ ಯಾವ ಹೊಸ್ತಿಲ್ರೀ?"

ಅಷ್ಟರಲ್ಲಿ ಒಳಗಿಂದ ಮಹೇಶ್ವರಪ್ಪ ಬಂದರು. ಅವರಿಗೆ ಜಗಳ ಬೇಕಿರಲಿಲ್ಲ. ಗೇಟಿನ ಹೊರಗೆ ಬಿದ್ದಿದ್ದ ಮೆಟ್ಟಿನ ರಾಶಿ ನೋಡಿದರು. ಆ ರಾಶಿಯಿಂದ ಬೆಳಗಿನಿಂದ ಎರಡು ಜೊತೆ ಕಳುವಾಗಿದ್ದವು. ಅವರಿಗೆ ಒಂದು ಉಪಾಯ ಹೊಳೆಯಿತು, ಮುಖ ಅರಳಿತು.

"ಏ ಇವಳೇ, ಒಂದು ಕೆಲಸ ಮಾಡು. ಇಲ್ಲೇ ಹೊರಗೆ ಕೂತ್ಕಂಡು ಮೆಟ್ಟು ಕಾಯಿ. ನೀವು ಮಾಡಿದ ಮೆಟ್ಟೇ ಅಲ್ವಾ, ನಿನಗೇ ಗುರುತು ಸಿಗೋದು. ಪಂಚಾಯ್ತಿಯಿಂದ ಒಂದು ಚೀಟಿ ಬರ್ಸಿ ಕೊಡ್ತೀನಿ. ನೌಕರಿ ಆದಂಗಾತು, ಏನಂತೀಯ?"

ಒಳಗಿದ್ದವರು ಮೆಚ್ಚಿ ತಲೆಯಾಡಿಸಿದರು. ಚೇರ್ಮನ್‌ರ ಮನಸ್ಸು ದೊಡ್ಡದು ಎಂದು ಒಬ್ಬರು ಗಟ್ಟಿಯಾಗಿಯೇ ಅಂದರು.

"ಮಳೆ ಬಂದ್ರೆ?" ಎಂದಳು ಅಂತರಘಟ್ಟಮ್ಮ.

"ಆಂ?"

"ಹೊರಗೆ ಕೂತಾಗ ಮಳೆ ಬಂದ್ರೆ?"

"ನೆನೀತೀಯ. ಇಷ್ಟು ವರ್ಷ ನೆನೆದಿಲ್ವಾ?" ಎಂದ ಮರುಳಪ್ಪ. ಒಳಗೆ ನಗು ಎದ್ದಿತು.

ಅವಳು ಬುಟ್ಟಿ ಇಳಿಸಿದಳು. ಒಂದು ಹೆಜ್ಜೆ ಮುಂದಿಟ್ಟಳು. ಹೊಸ್ತಿಲನ್ನು ದಾಟಲಿಲ್ಲ. ಅದರ ಮೇಲೆ ಕೂತಳು. ರಂಗೋಲಿಯ ಮೇಲೆ, ಅರಿಶಿನದ ಮೇಲೆ, ಗೇಟಿನ ನಟ್ಟನಡುವೆ. ಬುಟ್ಟಿಯ ಮೆಟ್ಟುಗಳನ್ನು ತೆಗೆದು ಎಡಕ್ಕೊಂದು ಸಾಲು ಬಲಕ್ಕೊಂದು ಸಾಲು ಕಲ್ಲಿನ ಉದ್ದಕ್ಕೂ ಜೋಡಿಸಿದಳು. ಬಾಗಿಲು ತುಂಬಿಹೋಯಿತು, ಅವಳನ್ನು ತಾಗದೆ ಒಳಗಿನವರು ಹೊರಗೆ ಹೋಗುವಂತಿರಲಿಲ್ಲ.

ಮುತ್ತೈದೆಯರು ಚೀರಿದರು. ಹೊಸ್ತಿಲ ಮೇಲೆ ಯಾರೂ ಕೂರುವುದಿಲ್ಲ, ಮನೆಯವರೂ ಕೂರುವುದಿಲ್ಲ. "ಏಳೇ! ಏಳೇ ಮೇಲೆ!" ಎಂದು ಮರುಳಪ್ಪ ಕೂಗಿದ. ಕೂಗುತ್ತಾ ಮುಂದೆ ಬಂದ. ಇನ್ನೊಂದು ಮೊಳ ದೂರವಿದ್ದಾಗ ನಿಂತ.

ಅಲ್ಲಿ ನಿಂತದ್ದನ್ನು ಅಂತರಘಟ್ಟಮ್ಮ ನೋಡಿದಳು. ಎಲ್ಲರೂ ನೋಡಿದರು.

"ಎಬ್ಬಿಸ್ರಿ," ಎಂದಳು. ಬಲಗೈ ಚಾಚಿದಳು. "ಕೈ ಹಿಡಿದು ಎಬ್ಬಿಸ್ರಿ. ಎದ್ದು ಹೋಗ್ತೀನಿ. ನಿಮ್ಮ ಕಟ್ಟೆ ಬ್ಯಾಡ, ನಿಮ್ಮ ನೌಕರಿ ಬ್ಯಾಡ. ಯಾರಾದ್ರೂ ಒಬ್ರು ಕೈ ಹಿಡೀರಿ ಸಾಕು."

ಒಳಗಿದ್ದವರು ನಲವತ್ತೊಂದು ಮಂದಿ. ಒಬ್ಬರ ಮುಖ ಒಬ್ಬರು ನೋಡಿದರು. ನಾಗರಾಜಪ್ಪ ಬಯಸಿದ್ದು ಅದನ್ನೇ.

ಒಂದು ಗಂಟೆ ಹಾಗೇ ಕಳೆಯಿತು. ಹೊರಗೆ ಕೇರಿ ನೆರೆಯಿತು. ಚಿಕ್ಕಹನುಮಂತಪ್ಪ ಬಂದು ದೂರದಲ್ಲಿ ಕೈಕಟ್ಟಿ ನಿಂತ.

"ಏ ಚಿಕ್ಕ! ನಿನ್ನ ಹೆಂಡ್ತೀನ ಎಳ್ಕಂಡು ಹೋಗೋ!" ಎಂದರು ಮಹೇಶ್ವರಪ್ಪ ಒಳಗಿನಿಂದ. "ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಕೇರಿಯ ಒಬ್ಬನೂ ಒಂದು ತೋಟಕ್ಕೂ ಕಾಲಿಡಂಗಿಲ್ಲ. ಕೂಳಿಗೆ ಏನು ಮಾಡ್ತೀರೋ ನೋಡ್ತೀನಿ."

ಅವನು ಹೆದರಿದ. ಹೆದರುವಂಥದ್ದೇ ಮಾತು. ಹತ್ತಿರ ಬಂದು ಕೂತ. "ಏಳೇ. ಕೇರಿಗೆಲ್ಲ ಕೂಳಿಲ್ದಂಗೆ ಆಗ್ತೈತೆ."

"ನೀನು ಮುಟ್ಟಿದ್ರೆ ಲೆಕ್ಕಕ್ಕಿಲ್ಲ. ಮೂವತ್ತು ವರ್ಷದಿಂದ ಮುಟ್ತಾ ಇದೀಯ, ಏನು ಬದಲಾತು?"

ಕೇರಿ ನಕ್ಕಿತು. ಚಿಕ್ಕಹನುಮಂತಪ್ಪನೂ ನಕ್ಕ. ಎದ್ದು ನಿಂತು ಚೇರ್ಮನ್‌ರಿಗೆ ಕೈಮುಗಿದು ಹೇಳಿದ: "ನಾನು ಎಬ್ಬಿಸಬಾರ್ದಂತೆ ಸಾಮಿ. ನೀವೇ ಎಬ್ಬಿಸಬೇಕಂತೆ."

ಆ ನಗು ಒಳಗಿನವರಿಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಸಾರವೆಯ ಮೂರು ಬಿದಿರು ಇನ್ನೂ ಬಿದ್ದಿದ್ದವು. ಮರುಳಪ್ಪ ಒಂದನ್ನು ಎಳೆದ. ಇನ್ನಿಬ್ಬರು ಒಂದೊಂದು ಎಳೆದರು. ಮುಟ್ಟದೆ ಎಬ್ಬಿಸುವ ದಾರಿ ಸಿಕ್ಕಿತ್ತು. ಬಿದಿರಿನ ತುದಿಯನ್ನು ಅವಳ ಪಕ್ಕೆಗೆ ಇಟ್ಟು ನೂಕಿದರು. ಅವಳು ಎಳೆಗೇಟಿನ ಕಂಬಿಗಳಿಗೆ ತೋಳು ಸಿಕ್ಕಿಸಿಕೊಂಡಳು. ಮತ್ತೆ ನೂಕಿದರು. ಒಬ್ಬನು ಬಿದಿರನ್ನು ಹಿಂದಕ್ಕೆ ಎಳೆದು ಓಡಿಬಂದು ತಿವಿದ. ಪಕ್ಕೆಯಲ್ಲಿ ಏನೋ ಮುರಿದ ಸದ್ದು ಹೊರಗಿದ್ದವರಿಗೂ ಕೇಳಿತು. ಹೊರಗಿನಿಂದ ಚಿಕ್ಕಹನುಮಂತಪ್ಪ ಓಡಿಬಂದು ಮೂರೂ ಬಿದಿರುಗಳ ತುದಿಯನ್ನು ಬಾಚಿ ಹಿಡಿದ. ಅವನ ಕೈ ತಾಗಿದ್ದೇ ತಡ, ಒಳಗಿನ ಮೂವರೂ ಬಿದಿರನ್ನು ಕೈಬಿಟ್ಟು ಹಿಂದಕ್ಕೆ ಹಾರಿದರು. ಬಿದಿರುಗಳು ನೆಲಕ್ಕೆ ಬಿದ್ದವು. ಇನ್ನು ಯಾರೂ ಅವನ್ನು ಎತ್ತುವಂತಿರಲಿಲ್ಲ.

ಅವಳ ಬಾಯಲ್ಲಿ ರಕ್ತ ಇತ್ತು. ಅದನ್ನು ಉಗುಳಲಿಲ್ಲ, ನುಂಗಿದಳು. ಕೈಯನ್ನು ಮತ್ತೆ ಚಾಚಿದಳು.

"ಬಿದಿರು ಅಲ್ಲ. ಕೈ."

ಮೂರು ಗಂಟೆಯ ಹೊತ್ತಿಗೆ ಒಳಗೆ ಬೇರೊಂದು ಕಷ್ಟ ತಲೆದೋರಿತು. ಬೆಳಿಗ್ಗೆಯಿಂದ ಪಾನಕ, ಮಜ್ಜಿಗೆ ಹಂಚಿದ್ದರು. ಶೌಚದ ಕೋಣೆ ಇರಬೇಕಾದ ಕಡೆ ಉಗ್ರಾಣವಿತ್ತು. ಗಂಡಸರು ಮೂಲೆ ಹುಡುಕಿಕೊಂಡರು. ಹೆಂಗಸರು ಕಾಲು ಒತ್ತಿಕೊಂಡು ನಿಂತರು. ಸರ್ವಮಂಗಳಮ್ಮನ ಕಣ್ಣಲ್ಲಿ ನೀರು ಬಂತು.

"ಏನಾದ್ರೂ ಮಾಡ್ರೀ ಇವ್ರೇ," ಎಂದರು ಗಂಡನಿಗೆ. "ಆ ಹೆಂಗಸಿನ ಕೈ ಹಿಡಿದು ಅತ್ತ ಸರಿಸಿಬಿಡ್ರಿ. ಆಮೇಲೆ ಸ್ನಾನ ಮಾಡಿದ್ರಾತು."

"ಇಷ್ಟು ಜನದ ಎದುರಿಗಾ? ನಾನು ಚೇರ್ಮನ್ ಕಣೇ."

"ಹಂಗಾದ್ರೆ ನಾನೇ ಹಿಡೀಲಾ?"

"ಹಿಡಿ. ಹಿಡಿದು ಹಂಗೇ ಅವಳ ಜೊತೆ ಹೋಗು. ಮನೆ ಕಡೆ ಬರಬ್ಯಾಡ."

ಸರ್ವಮಂಗಳಮ್ಮ ಹೊಸ್ತಿಲ ಕಡೆ ನೋಡಿದರು. ಅಂತರಘಟ್ಟಮ್ಮ ಅವರನ್ನೇ ನೋಡುತ್ತಿದ್ದಳು. ಕೈ ಇನ್ನೂ ಚಾಚಿಯೇ ಇತ್ತು. ಸರ್ವಮಂಗಳಮ್ಮ ಮುಖ ತಿರುಗಿಸಿಕೊಂಡರು.

ಆಗ ಗೋಡೆ ಒಡೆಯುವ ತೀರ್ಮಾನವಾಯಿತು. ಕೈಗೆ ಸಿಕ್ಕಿದ್ದು ಮಳಿಗೆಗಳ ತೂಕದ ಕಲ್ಲುಗಳು, ಒಂದು ಹಾರೆ. ಹುಟ್ಟಿದ ಮೇಲೆ ಹಾರೆ ಹಿಡಿಯದ ಸಾಹುಕಾರರು ಸರದಿಯ ಮೇಲೆ ಹೊಡೆದರು. ಅಂಗೈ ಬೊಬ್ಬೆ ಬಂತು. ಗೋಡೆ ಗಟ್ಟಿಯಾಗಿದ್ದರೆ ಆ ದಿನ ಅವರಿಂದ ಆಗುತ್ತಿರಲಿಲ್ಲ. ಆದರೆ ಕಟ್ಟಡದ ಕಂಟ್ರಾಕ್ಟು ಚೇರ್ಮನ್‌ರ ಬಾಮೈದನದು, ಸಿಮೆಂಟಿನ ಅರ್ಧ ಚೀಲಗಳು ಅವನ ಹೊಸ ಮನೆಗೆ ಹೋಗಿದ್ದವು. ಮುಕ್ಕಾಲು ಗಂಟೆಯಲ್ಲಿ ಹಿಂದಿನ ಗೋಡೆಯಲ್ಲಿ ಒಬ್ಬರು ತೆವಳುವಷ್ಟು ತೂತಾಯಿತು. ಮಹೇಶ್ವರಪ್ಪನವರು ಬಾಮೈದನ ಹೆಸರು ಹೇಳಿ ದೇವರಿಗೆ ಕೈಮುಗಿದರು.

ಹಿಂದಿನ ಗೋಡೆಯ ಆಚೆಗೆ ಏನಿದೆ ಎಂದು ಯಾರೂ ಯೋಚಿಸಿರಲಿಲ್ಲ. ಆಚೆಗೆ ಮಾದಿಗರ ಕೇರಿ ಇತ್ತು.

ನಲವತ್ತೊಂದು ಮಂದಿ ಮಂಡಿಯೂರಿ, ಒಬ್ಬರ ಹಿಂದೆ ಒಬ್ಬರು, ಕೇರಿಗೆ ತೆವಳಿ ಬಂದರು. ಮೆಟ್ಟುಗಳು ಮುಂದಿನ ಬಾಗಿಲಲ್ಲಿದ್ದವು, ಎಲ್ಲರೂ ಬರಿಗಾಲು. ಚರ್ಮ ನೆನೆಹಾಕಿದ ತೊಟ್ಟಿಗಳ ನಡುವೆ ಪಂಚೆ ಎತ್ತಿ ಹಿಡಿದು ನಡೆದರು. ಕೇರಿಯ ಮುದುಕಿಯರು ಎದ್ದು ದಾರಿ ಬಿಟ್ಟರು. ಸರ್ವಮಂಗಳಮ್ಮನಿಗೆ ಮುಂದೆ ಹೋಗಲು ಆಗಲಿಲ್ಲ. ಮೊದಲು ಸಿಕ್ಕಿದ ಗುಡಿಸಲ ಹಿಂದಕ್ಕೆ ಓಡಿ ಕೂತರು. ಅದು ಅಂತರಘಟ್ಟಮ್ಮನ ಗುಡಿಸಲು. ಚೌಡಕ್ಕ ಒಂದು ಚೊಂಬು ನೀರು ತಂದು ನೆಲದ ಮೇಲಿಟ್ಟು ಬೆನ್ನು ತಿರುಗಿಸಿ ನಿಂತಳು. ಸರ್ವಮಂಗಳಮ್ಮ ಆ ಚೊಂಬನ್ನು ಎತ್ತಿಕೊಂಡರು. ಈ ಸಂಗತಿ ಮುಂದೆ ಯಾರ ಹೇಳಿಕೆಯಲ್ಲೂ ಬರಲಿಲ್ಲ.

ಒಬ್ಬಳು ಹೆಂಗಸಿನ ಕೈ ಹಿಡಿಯಬೇಕಾಗುತ್ತದೆ ಎಂದು ಅವರು ಎರಡು ವರ್ಷ ಹಿಡಿದ ಕಟ್ಟಡವನ್ನು ಒಡೆದರು. ಅದು ಅವರಿಗೆ ಹೆಚ್ಚೆನಿಸಲಿಲ್ಲ.

ಸಂಜೆಯ ಬಸ್ಸಿಗೆ ಪೊಲೀಸರು ಬಂದಾಗ ಅಂತರಘಟ್ಟಮ್ಮ ಇನ್ನೂ ಹೊಸ್ತಿಲ ಮೇಲಿದ್ದಳು. ಒಳಗೆ ಯಾರೂ ಇರಲಿಲ್ಲ. ಖಾಲಿ ಅಂಗಳ, ಖಾಲಿ ಕಟ್ಟೆ. ಅವಳು ಎದ್ದು ನಾಲ್ಕು ಹೆಜ್ಜೆ ನಡೆದು ಆ ಕಟ್ಟೆಯ ಮೂಡಲ ತುದಿಯಲ್ಲಿ ಕೂರಬಹುದಿತ್ತು. ತಡೆಯುವವರು ಇರಲಿಲ್ಲ. ಅವಳು ಕೂರಲಿಲ್ಲ. ಪೇದೆಗಳು ಲಾಠಿಯ ಎರಡು ತುದಿ ಹಿಡಿದು ಅವಳ ಕಂಕುಳಿಗೆ ಸಿಕ್ಕಿಸಿ ಎತ್ತಿದರು.

ಮಹೇಶ್ವರಪ್ಪ ಹೇಳಿದ್ದನ್ನು ಮಾಡಿದರು. ಕೇರಿಗೆ ಒಂದೂವರೆ ತಿಂಗಳು ಕೂಲಿ ಸಿಗಲಿಲ್ಲ. ಕೇರಿಯವರು ನ್ಯಾಮತಿ, ಸಾಸ್ವೆಹಳ್ಳಿಯವರೆಗೆ ನಡೆದುಹೋಗಿ ಕೆಲಸ ಹುಡುಕಿದರು. ಇಬ್ಬರು ಮುದುಕರು ಆ ದಿನಗಳಲ್ಲಿ ಸತ್ತರು. ಅವರಿಗೆ ವಯಸ್ಸಾಗಿತ್ತು ಎಂದು ಊರು ಹೇಳಿತು. ಹೊಸ್ತಿಲಿಗೆ ಗಂಜಳ ಹೊಯ್ದು ಮತ್ತೆ ಪೂಜೆ ಮಾಡಿದರು. ಆದರೂ ಸಾಹುಕಾರರ ಮನೆಯ ಹೆಂಗಸರು ಆ ಕಟ್ಟಡಕ್ಕೆ ಬರಲು ಮನಸ್ಸು ಮಾಡಲಿಲ್ಲ. ಬಯಲಿಗೆ ಮುಳ್ಳುತಂತಿ ಇತ್ತು. ಸುತ್ತಿನ ಹಳ್ಳಿಯವರು ಎರಡು ಗುರುವಾರ ಬಂದು ನೋಡಿ, ಸಂತೇಬೆನ್ನೂರಿನ ಸಂತೆಗೆ ಹೋಗತೊಡಗಿದರು. ಮರುಳಪ್ಪನ ಹಳೆಯ ಅಂಗಡಿ ಹಾಳು ಬಿತ್ತು, ಹೊಸ ಮಳಿಗೆಯಲ್ಲಿ ಇಲಿ ಸೇರಿತು.

ಅಂತರಘಟ್ಟಮ್ಮನ ಮೇಲೆ ಹೂಡಿದ ಮೊಕದ್ದಮೆ ಹೀಗಿತ್ತು: ನಲವತ್ತೊಂದು ಮಂದಿಯನ್ನು ಐದು ಗಂಟೆಗಳ ಕಾಲ ಅಕ್ರಮವಾಗಿ ಕೂಡಿಹಾಕಿದ್ದು.

ವಿಚಾರಣೆಗೆ ಮೊದಲು ಊರಿನವರಿಗೆ ಒಬ್ಬ ವಕೀಲರು ಪಾಠ ಹೇಳಿದರು. "ಮುಟ್ಟಬಾರ್ದು ಅಂತ ಬಿಟ್ವಿ ಅಂತ ಬಾಯಿ ತಪ್ಪಿಯೂ ಹೇಳಬೇಡಿ. ಹಂಗೆ ಹೇಳಿದವನು ಆ ಕಡೆ ಜೈಲಿಗೆ ಹೋಗ್ತಾನೆ, ಕಾನೂನು ಐತೆ."

"ಹಂಗಾದ್ರೆ ಯಾಕೆ ಎಬ್ಬಿಸಲಿಲ್ಲ ಅಂತ ಕೇಳಿದ್ರೆ?"

"ಎಬ್ಬಿಸಿದ್ವಿ, ಏಳಲಿಲ್ಲ ಅನ್ರಿ."

ಹತ್ತೊಂಬತ್ತು ಗಂಡಸರು ಸಾಕ್ಷಿ ಹೇಳಿದರು. ಹತ್ತೊಂಬತ್ತು ಜನವೂ ದೇವರ ಮೇಲೆ ಪ್ರಮಾಣ ಮಾಡಿ, ತಾವು ಅಂತರಘಟ್ಟಮ್ಮನನ್ನು ಮುಟ್ಟಿದ್ದಾಗಿ ಹೇಳಿದರು. ಕೈ ಹಿಡಿದೆ ಎಂದ ಒಬ್ಬ. ರಟ್ಟೆ ಹಿಡಿದೆ ಎಂದ ಇನ್ನೊಬ್ಬ. ಮರುಳಪ್ಪ ಅವಳ ಸೊಂಟಕ್ಕೆ ಕೈಹಾಕಿ ಎತ್ತಲು ನೋಡಿದ್ದನಂತೆ. "ಆನೆ ಬಲ ಸ್ವಾಮಿ ಅವಳಿಗೆ, ನಾಲ್ಕು ಜನ ಸೇರಿದ್ರೂ ಅಲ್ಲಾಡಲಿಲ್ಲ." ಸಾಕ್ಷಿಯಿಂದ ಸಾಕ್ಷಿಗೆ ಅವಳ ಬಲ ಏರುತ್ತಾ ಹೋಯಿತು. ಹೇಳಿಕೆ ಮುಗಿಸಿದವರು ಹೊರಗೆ ಬಂದು, ಕೋರ್ಟಿನ ನಲ್ಲಿಯ ಹತ್ತಿರ ಸಾಲಾಗಿ ನಿಂತು ಕೈ ತೊಳೆದುಕೊಂಡರು. ಆ ಮಾತು ಆಡಿದ್ದಕ್ಕೇ ಅವರಿಗೆ ಮೈಲಿಗೆಯಾಗಿತ್ತು.

ಕಟಕಟೆಯ ಅಡ್ಡಪಟ್ಟಿ ಅಂತರಘಟ್ಟಮ್ಮನ ಗದ್ದಕ್ಕೆ ಬರುತ್ತಿತ್ತು. ಪಕ್ಕೆ ಸರಿಯಾಗಿ ಕೂಡಿರಲಿಲ್ಲ, ಒಂದು ಕಡೆ ವಾಲಿ ನಿಂತಿದ್ದಳು. ವಕೀಲರಿರಲಿಲ್ಲ.

"ಏನಾದರೂ ಹೇಳುವುದಿದೆಯೇ?" ಎಂದರು ಮ್ಯಾಜಿಸ್ಟ್ರೇಟರು.

"ಸುಳ್ಳು ಸಾಮಿ. ಮುಟ್ಟಿದ್ರೆ ನಾನು ಎದ್ದು ಹೋಗ್ತಿದ್ದೆ."

"ಅಂದರೆ ನೀನು ಅಲ್ಲಿ ಕೂತದ್ದು ನಿಜ."

"ನಿಜ. ಎಬ್ಬಿಸ್ರಿ ಅಂತ ಕೇಳಿದ್ದೂ ನಿಜ. ಅಗೋ, ಚೇರ್ಮನ್ರು ಅಲ್ಲೇ ಕೂತವ್ರೆ. ಈಗ ಬಂದು ಹಿಡೀಲಿ ನೋಡಣ. ಅವತ್ತು ಹಿಡಿದವರಿಗೆ ಇವತ್ತು ಏನು ತೊಂದ್ರೆ?" ಅವಳು ಕಟಕಟೆಯ ಮೇಲಿಂದ ಕೈ ಚಾಚಿದಳು.

ಮಹೇಶ್ವರಪ್ಪನವರು ಸೂರು ನೋಡಿದರು. ಮ್ಯಾಜಿಸ್ಟ್ರೇಟರು ಆ ಕೈಯನ್ನು ನೋಡಿದರು, ಮಹೇಶ್ವರಪ್ಪನವರನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಗಿತ್ತು ಎಂದು ತೋರುತ್ತದೆ. "ಕೋರ್ಟಿನಲ್ಲಿ ಅಂಥದ್ದೆಲ್ಲ ಬೇಡ," ಎಂದರು. ಒಂದು ಕಡೆ ಹತ್ತೊಂಬತ್ತು ಮಾತು, ಇನ್ನೊಂದು ಕಡೆ ಒಂದು. ಮೂರು ತಿಂಗಳು ಸಜೆ.

ಗುಮಾಸ್ತ ಹೇಳಿಕೆಗಳ ಕಟ್ಟಿನ ಜೊತೆ ತೀರ್ಪಿನ ಕಾಗದ ತಂದ. ಬೇರೆಯವರದಾದರೆ ತಾನೇ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿಸುತ್ತಿದ್ದ. ಈಗ ಶಾಯಿಯ ಡಬ್ಬಿಯನ್ನು ಮರದ ಪಟ್ಟಿಯಿಂದ ಅವಳ ಕಡೆ ನೂಕಿದ.

"ಒತ್ತು."

"ಒತ್ತಲ್ಲ. ನೀವೇ ಹಿಡಿದು ಒತ್ತಿಸ್ಕಳ್ರಿ."

ಗುಮಾಸ್ತ ಪೇದೆಯನ್ನು ನೋಡಿದ. ಪೇದೆ ಕಿಟಕಿಯ ಹೊರಗೆ ನೋಡಿದ. ಗುಮಾಸ್ತ ಪೆನ್ನು ತೆಗೆದು, ಹೆಬ್ಬೆಟ್ಟಿಗೆ ಬಿಟ್ಟಿದ್ದ ಜಾಗದಲ್ಲಿ ಒಂದು ಸಾಲು ಬರೆದ. ಅದಕ್ಕೂ ಒಂದು ದಾರಿ ಇತ್ತು.

"ಏನು ಬರೆದ್ರಿ?" ಎಂದಳು.

"ಹೆಬ್ಬೆಟ್ಟು ಒತ್ತಲು ನಿರಾಕರಿಸಿದ್ದಾಳೆ ಅಂತ."

"ಹಂಗಂದ್ರೆ?"

"ಆಗಲ್ಲ ಅಂದಿ ಅಂತ."

ಅಂತರಘಟ್ಟಮ್ಮ ಆ ಕಾಗದದ ಕಟ್ಟನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಹತ್ತೊಂಬತ್ತು ಜನರ ಹೇಳಿಕೆ, ಒಂದು ಗೇಣು ದಪ್ಪ.

"ಇಷ್ಟರಾಗೆ ಅದೊಂದು ನಿಜ ಬರ್ದೀರಿ," ಎಂದು ಹೇಳಿ, ಪಕ್ಕೆ ಹಿಡಿದುಕೊಂಡು, ಪೇದೆಗಳಿಗಿಂತ ಮುಂದಾಗಿ ಜೈಲಿನ ವ್ಯಾನಿನ ಕಡೆ ನಡೆದಳು. ಅವಳ ಎರಡೂ ಕಡೆ ಒಂದೊಂದು ಮೊಳ ಜಾಗ ಬಿಟ್ಟು ಪೇದೆಗಳು ನಡೆದರು.